ಕೆಂಪು ಕಲ್ಲಿನ ನಾಡಿಗೆ ಮೊದಲ ಪಯಣ

ರಜೆಯ ದಿನಗಳು ಸಮೀಪಿಸಿದೊಡನೆ ನಗರದ ಸಂಸಾರಗಳಲ್ಲಿ ದ್ವೀಪಗಳ ಮಾತು ಏಳುವುದು ಈಗ ವಾಡಿಕೆಯಾಗಿದೆ. ಅಂಡಮಾನ್, ಲಕ್ಷದ್ವೀಪ, ಸಿಂಹಳ. ಕೈ ಇನ್ನೂ ಸ್ವಲ್ಪ ಧಾರಾಳವಾಗಿದ್ದರೆ ಬಾಲಿ. ನೀಲಿಯ ನೀರು, ಬಿಳಿಯ ಮರಳು, ಬಾಗಿದ ತೆಂಗು ಇವುಗಳ ಬಣ್ಣದ ಚಿತ್ರಗಳನ್ನು ಮುಂದಿಟ್ಟುಕೊಂಡು ತಂದೆ ತಾಯಿ ಮಕ್ಕಳು ಊಟದ ಹೊತ್ತಿನಲ್ಲೂ ಚರ್ಚೆ ನಡೆಸುತ್ತಾರೆ. ಕಡಲು ದಾಟಿ ದ್ವೀಪ ಸೇರುವ ಈ ಹಂಬಲ ದಕ್ಷಿಣ ದೇಶದವರಿಗೆ ಹೊಸದಲ್ಲ. ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯಲ್ಲಿ, ಒಂದಾನೊಂದು ಕಾಲಕ್ಕೆ ಕರ್ಪೂರಕ್ಕೆ ಹೆಸರಾಗಿದ್ದ ಬಾರುಸ್ ಎಂಬ ರೇವಿನ ಬಳಿ, ಲೋಬು ತುವಾ ಎಂಬಲ್ಲಿ 1088ರ ಕಲ್ಲಿನ ಶಾಸನವೊಂದು ದೊರೆತಿದೆ. ಅದರ ಭಾಷೆ ತಮಿಳು. ಬರೆಸಿದವರು ‘ಐನೂರ್ವರು’ ಎಂದು ಪ್ರಸಿದ್ಧರಾದ ವರ್ತಕ ಸಂಘದವರು. ಆ ಸಂಘ ತನ್ನ ಮೂಲಸ್ಥಾನವೆಂದು ಹೇಳಿಕೊಂಡ ಊರು ಅಯ್ಯಾವೊಳೆ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯೇ ಅದು.

ಕಡಲಿನಿಂದ ಬಹು ದೂರದ, ಮಳೆ ಕಡಮೆಯ, ಜೋಳ ಬೆಳೆದು ಜೋಳ ಉಣ್ಣುವ ಈ ಸೀಮೆಯ ಹೆಸರು ದ್ವೀಪಾಂತರಗಳವರೆಗೆ ಹಬ್ಬಿತ್ತೆಂಬುದು ಸೋಜಿಗವೇ ಸರಿ. ಅದಕ್ಕಿಂತ ಸೋಜಿಗವೆಂದರೆ, ಬಾಲಿಯನ್ನು ಕಂಡು ಬಂದ ಎಷ್ಟೋ ಕನ್ನಡಿಗರು ಐಹೊಳೆಯನ್ನು ಇನ್ನೂ ಕಂಡಿಲ್ಲ. ಈ ವಾರದ ಪಯಣ ಅಂಥವರಿಗಾಗಿ.

ಬಾದಾಮಿಗೂ ಇಳಕಲ್ಲಿಗೂ ನಡುವೆ ಗುಡೂರು ಎಂಬ ಊರಿದೆ. ಬಹುಕಾಲ ಹುನಗುಂದ ತಾಲ್ಲೂಕಿಗೆ ಸೇರಿದ್ದ ಈ ಊರು ಈಚೆಗೆ ಹೊಸದಾದ ಇಳಕಲ್ ತಾಲ್ಲೂಕಿನ ಪಾಲಾಗಿದೆ. ಪ್ರವಾಸಿಗಳ ಕೈಪಿಡಿಗಳಲ್ಲಿ ಇದರ ಹೆಸರನ್ನು ಹುಡುಕುವುದು ವ್ಯರ್ಥ. ಆದರೆ ನಕ್ಷೆಯನ್ನು ಹರಡಿ ಗುಡೂರಿನ ಮೇಲೆ ಬೆರಳಿಟ್ಟರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಪಶ್ಚಿಮಕ್ಕೆ ಪಟ್ಟದಕಲ್ಲು, ಅದರಾಚೆ ಬಾದಾಮಿ, ಸಮೀಪದಲ್ಲೇ ಐಹೊಳೆ, ಪೂರ್ವಕ್ಕೆ ಇಳಕಲ್, ಈಶಾನ್ಯಕ್ಕೆ ಕೂಡಲಸಂಗಮ. ಇಷ್ಟೂ ಸ್ಥಳಗಳು ಒಂದು ಮುಷ್ಟಿಯಷ್ಟು ಜಾಗದಲ್ಲಿ ಇಡಿಕಿರಿದಿವೆ. ಕರಿಯ ಎರೆಭೂಮಿಯ ಬಯಲಿನಲ್ಲಿ ಅಲ್ಲಲ್ಲಿ ತಲೆಯೆತ್ತಿದ ಕೆಂಪು ಮರಳುಗಲ್ಲಿನ ಗುಡ್ಡಗಳು ದೂರದಿಂದ ದ್ವೀಪಗಳಂತೆಯೇ ಕಾಣುತ್ತವೆ. ಆ ಮರಳುಗಲ್ಲಾದರೂ ಕೋಟ್ಯಂತರ ವರ್ಷಗಳ ಹಿಂದೆ ನೀರಿನ ಕೆಳಗೆ ಪದರ ಪದರವಾಗಿ ಕೂಡಿ ಗಟ್ಟಿಯಾದ ಮರಳು. ಗುಡ್ಡದ ಕಡಿದಾದ ಮೈಮೇಲೆ ಆ ಪದರಗಳ ಗೆರೆಗಳನ್ನು ಇಂದಿಗೂ ಬೆರಳಿಟ್ಟು ಎಣಿಸಬಹುದು.

ಬರುವವರು ಈ ಸೀಮೆಯನ್ನು ನೋಡುವ ಬಗೆ ಮಾತ್ರ ಶೋಚನೀಯ. ಬೆಳಿಗ್ಗೆ ಹುಬ್ಬಳ್ಳಿಯಿಂದಲೋ ಹೊಸಪೇಟೆಯಿಂದಲೋ ಬಾಡಿಗೆಯ ಕಾರಿನಲ್ಲಿ ಹೊರಡುವುದು, ಬಾದಾಮಿಯಲ್ಲಿ ಒಂದೂವರೆ ಗಂಟೆ, ಪಟ್ಟದಕಲ್ಲಿನಲ್ಲಿ ಮುಕ್ಕಾಲು ಗಂಟೆ, ಐಹೊಳೆಯಲ್ಲಿ ದುರ್ಗದ ಗುಡಿಯ ಮುಂದೆ ನಿಂತು ಒಂದು ಭಾವಚಿತ್ರ, ಕತ್ತಲಾಗುವುದರೊಳಗೆ ಹಿಂದಿರುಗುವುದು. ಮನೆ ಸೇರಿದ ಮೇಲೆ ಯಾವ ಗುಡಿ ಯಾವ ಊರಿನದೆಂಬ ನೆನಪೂ ಉಳಿಯುವುದಿಲ್ಲ. ಮೂರು ದಿನಗಳನ್ನಾದರೂ ಕೊಡಲಾರದವರು ಒಂದೇ ಊರನ್ನು ಆರಿಸಿಕೊಂಡು ಸಾವಕಾಶವಾಗಿ ನೋಡುವುದು ಮೇಲು. ಕಾಲವೂ ಮುಖ್ಯ. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಬೇಸಿಗೆಯಲ್ಲಿ ಕಲ್ಲು ಕಾದು, ಗುಡಿಯಂಗಳದಲ್ಲಿ ಬರಿಗಾಲಿನಲ್ಲಿ ನಡೆಯುವ ಮಕ್ಕಳು ಅಳುವಂತಾಗುತ್ತದೆ. ಮಳೆಗಾಲದಲ್ಲಿ ಗುಡ್ಡಗಳು ಹಸುರಾಗಿ ಅಂದವಾಗಿ ಕಂಡರೂ ಮಲಪ್ರಭೆಯನ್ನು ನಂಬುವಂತಿಲ್ಲ; 2019ರ ಆಗಸ್ಟಿನ ಪ್ರವಾಹದಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ನುಗ್ಗಿತ್ತು. ಗದಗ–ಸೊಲ್ಲಾಪುರ ರೈಲುಮಾರ್ಗದಲ್ಲಿ ಬಾದಾಮಿಗೆ ನಿಲ್ದಾಣವಿದೆ. ಅದು ಊರಿನಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿರುವುದರಿಂದ, ಹೊತ್ತಲ್ಲದ ಹೊತ್ತಿನಲ್ಲಿ ಇಳಿಯುವವರು ವಾಹನವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಮೊದಲ ದಿನ ಬಾದಾಮಿಗೇ ಮೀಸಲು. ಚಲುಕ್ಯರ ವಾತಾಪಿ ಇದು. ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ ಸಂಗತಿಯನ್ನು ಬಂಡೆಯ ಮೇಲಿನ 543ರ ಶಾಸನ ಹೇಳುತ್ತದೆ. ಅಗಸ್ತ್ಯತೀರ್ಥದ ಎರಡು ಮಗ್ಗುಲಲ್ಲಿ ಎರಡು ಗುಡ್ಡಗಳು. ದಕ್ಷಿಣದ ಗುಡ್ಡದಲ್ಲಿ ನಾಲ್ಕು ಗುಹಾಲಯಗಳು. ಮೆಟ್ಟಿಲು ಹತ್ತಿದೊಡನೆ ಬಲಕ್ಕೆ ಎದುರಾಗುವುದು ಹದಿನೆಂಟು ತೋಳುಗಳ ನಟರಾಜ. ಈ ತೋಳುಗಳನ್ನು ಜೋಡಿ ಜೋಡಿಯಾಗಿ ಕೂಡಿಸಿ ನೋಡಿದರೆ ಎಂಬತ್ತೊಂದು ಭಂಗಿಗಳು ಕಾಣುತ್ತವೆಂದು ಮಾರ್ಗದರ್ಶಿಗಳು ಹೇಳುತ್ತಾರೆ. ಲೆಕ್ಕ ಸರಿಯೇ ಎಂದು ಪರೀಕ್ಷಿಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ ಅರ್ಧ ಗಂಟೆ ಅವರು ತಂಟೆ ಮಾಡುವುದಿಲ್ಲ.

ಹೆಚ್ಚು ಹೊತ್ತು ನಿಲ್ಲಬೇಕಾದುದು ಮೂರನೆಯ ಗುಹೆಯಲ್ಲಿ. ನಾಲ್ಕರಲ್ಲಿ ಇದೇ ದೊಡ್ಡದು. ಕಾಲ ನಿಶ್ಚಿತವಾಗಿ ತಿಳಿದಿರುವುದೂ ಇದರದೇ. ಮಂಗಳೇಶನು ತನ್ನ ಅಣ್ಣ ಕೀರ್ತಿವರ್ಮನ ಆಳಿಕೆಯಲ್ಲಿ ಈ ವಿಷ್ಣುಗೃಹವನ್ನು ಮಾಡಿಸಿದನೆಂದು 578ರ ಶಾಸನ ಇಲ್ಲಿಯೇ ಇದೆ. ಶೇಷನ ಸುರುಳಿಯ ಮೇಲೆ ಆಸೀನನಾದ ವಿಷ್ಣು, ವರಾಹ, ನರಸಿಂಹ, ಆಕಾಶಕ್ಕೆ ಕಾಲೆತ್ತಿದ ತ್ರಿವಿಕ್ರಮ, ಇವುಗಳನ್ನು ಎಲ್ಲರೂ ನೋಡುತ್ತಾರೆ. ಕಂಬಗಳ ತಲೆಯಲ್ಲಿ ಆತು ನಿಂತ ದಂಪತಿಗಳನ್ನು ನೋಡಲು ಕತ್ತು ಮೇಲೆತ್ತಬೇಕು. ಮುಂಚಾಚಿದ ಸೂರಿನ ಒಳಬದಿಯಲ್ಲಿ ಮಾಸಿ ಉಳಿದ ವರ್ಣಚಿತ್ರದ ತುಣುಕುಗಳನ್ನು ಕಾಣಲು ಇನ್ನೂ ಹೆಚ್ಚಿನ ತಾಳ್ಮೆ ಬೇಕು. ನಾಲ್ಕನೆಯದು ಜೈನ ಗುಹೆ. ಅದರ ಮುಂದಿನ ಕಟ್ಟೆಯಿಂದ ಕೆರೆಯೂ ಊರೂ ಎದುರು ಗುಡ್ಡದ ಶಿವಾಲಯಗಳೂ ಒಂದೇ ನೋಟಕ್ಕೆ ಸಿಕ್ಕುತ್ತವೆ. ಕೋತಿಗಳ ವಿಷಯದಲ್ಲಿ ಒಂದು ಮಾತು: ಬಾಳೆಹಣ್ಣಿನ ಚೀಲವನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುವ ಗೃಹಿಣಿಯು ಹಣ್ಣನ್ನೂ ಕಳೆದುಕೊಳ್ಳುತ್ತಾಳೆ, ಚೀಲವನ್ನೂ ಕಳೆದುಕೊಳ್ಳುತ್ತಾಳೆ.

ಕೆರೆಯ ಉತ್ತರದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ರ ಈ ಬರಹದಲ್ಲಿ ಕನ್ನಡದ ತ್ರಿಪದಿ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ. ರಾಜನಲ್ಲದ ಒಬ್ಬ ವೀರನ ಗುಣವರ್ಣನೆ ಅದು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಸಾಲುಗಳನ್ನು ಮೂಲ ಬಂಡೆಯ ಮೇಲೆಯೇ ಕಾಣುವ ಭಾಗ್ಯ ಎಲ್ಲ ಭಾಷೆಯವರಿಗೂ ದೊರೆಯುವಂಥದಲ್ಲ. ಆದರೂ ಅಲ್ಲಿಯವರೆಗೆ ನಡೆದು ಹೋಗುವವರು ಕಡಮೆ. ಸಂಜೆಯ ಬಿಸಿಲು ಕೆರೆಯ ಪೂರ್ವದಂಡೆಯ ಭೂತನಾಥ ಗುಡಿಯ ಮೇಲೆ ಬಿದ್ದಾಗ ಕಲ್ಲಿಗೂ ನೀರಿಗೂ ಬರುವ ಬಣ್ಣವನ್ನು ನೋಡದೆ ಬಾದಾಮಿಯಿಂದ ಹೊರಡಬಾರದು. ನಡೆಯಬಲ್ಲವರು ಮರುದಿನ ಮುಂಜಾನೆ ಕುರುಚಲು ಗಿಡಗಳ ನಡುವೆ ಸಿಡಿಲಪಡಿಯವರೆಗೆ ಹೋಗಿ, ಆದಿಮಾನವ ಬಿಡಿಸಿದ ಚಿತ್ರಗಳನ್ನು ನೋಡಿ ಬರಬಹುದು. ದಾರಿ ಬಲ್ಲವರನ್ನು ಜೊತೆಗೆ ಕರೆದುಕೊಳ್ಳುವುದು ಅವಶ್ಯ. ಈಗೀಗ ದೇಶವಿದೇಶಗಳ ತರುಣ ತರುಣಿಯರು ಹಗ್ಗ ಕಟ್ಟಿಕೊಂಡು ಇಲ್ಲಿಯ ಬಂಡೆಗಳನ್ನು ಏರಲು ಬರುತ್ತಾರೆ. ಅದು ಶಿಕ್ಷಣ ಪಡೆದವರ ಆಟ. ನೋಡಿ ಆನಂದಿಸುವುದಕ್ಕಂತೂ ಯಾವ ಅಡ್ಡಿಯೂ ಇಲ್ಲ.

ಊಟಕ್ಕೆ 5 ಕಿಲೋಮೀಟರ್ ದೂರದ ಬನಶಂಕರಿಗೆ ಹೋಗುವುದು ಜಾಣತನ. ಗುಡಿಯ ಹತ್ತಿರ ಸುತ್ತಲಿನ ಹಳ್ಳಿಗಳ ಹೆಂಗಸರು ಬುಟ್ಟಿ ಹೊತ್ತು ತಂದು ಸಾಲಾಗಿ ಕುಳಿತಿರುತ್ತಾರೆ. ಜೋಳದ ರೊಟ್ಟಿ, ಝುಣಕ, ಕೆಂಪು ಚಟ್ನಿ, ಕಾಳುಪಲ್ಯ, ಶೇಂಗಾ ಹಿಂಡಿ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಗಟ್ಟಿದ ಮೊಸರು. ಖಾರ ತಾಳದ ನಗರವಾಸಿಗಳು ಮೊಸರನ್ನು ಮೊದಲೇ ಕೇಳಿ ಹತ್ತಿರ ಇಟ್ಟುಕೊಳ್ಳಲಿ. ಬನದ ಹುಣ್ಣಿಮೆಯ ಸುಮಾರಿಗೆ, ಅಂದರೆ ಜನವರಿಯ ಹೊತ್ತಿಗೆ, ಇಲ್ಲಿ ಜಾತ್ರೆ ಸೇರುತ್ತದೆ. ನಾಟಕ ಕಂಪನಿಗಳು ಡೇರೆ ಹಾಕಿ ವಾರಗಟ್ಟಲೆ ಆಡುತ್ತವೆ. ಮಹಾಕೂಟವೂ ಇದೇ ದಿನ ಆಗುತ್ತದೆ. ಮರಗಳ ನೆರಳು, ಸದಾ ತುಂಬಿರುವ ಚಿಲುಮೆಯ ಪುಷ್ಕರಿಣಿ, ಸುತ್ತಲೂ ಚಿಕ್ಕ ದೊಡ್ಡ ಗುಡಿಗಳು. ಮಂಗಳೇಶನ ಶಾಸನವಿದ್ದ ಇಲ್ಲಿಯ ಹೆಸರಾಂತ ಕಂಬ ಮಾತ್ರ ಈಗ ಇಲ್ಲಿಲ್ಲ. ಅದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ.

ಎರಡನೆಯ ದಿನ ಬಾದಾಮಿಯಿಂದ 22 ಕಿಲೋಮೀಟರ್ ದೂರದ ಪಟ್ಟದಕಲ್ಲು. ಇಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುತ್ತದೆ. ಚಲುಕ್ಯ ಅರಸರಿಗೆ ಪಟ್ಟಾಭಿಷೇಕವಾಗುತ್ತಿದ್ದುದು ಈ ದಂಡೆಯ ಮೇಲೆ ಎಂಬುದನ್ನು ಊರಿನ ಹೆಸರೇ ಸಾರುತ್ತದೆ. 1987ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಉತ್ತರದೇಶದ ರೇಖಾನಾಗರ ಶಿಖರವೂ ದಕ್ಷಿಣದ ಅಂತಸ್ತು ಅಂತಸ್ತಿನ ವಿಮಾನವೂ ಒಂದೇ ಅಂಗಳದಲ್ಲಿ, ಕೂಗಳತೆಯೊಳಗೆ ನಿಂತಿವೆ. ಇಂಥ ನೋಟ ಬೇರೆಡೆ ಅಪರೂಪ.

ಇದರ ಹಿಂದೆ ಒಂದು ಸೇಡಿನ ಕಥೆಯೂ ಉಂಟು. ಅದು ಕೊನೆಗೊಂಡ ರೀತಿ ಸೇಡಿನಂತಿಲ್ಲ. ಪಲ್ಲವ ನರಸಿಂಹವರ್ಮ 642ರಲ್ಲಿ ವಾತಾಪಿಯನ್ನು ಹಿಡಿದು ಸೂರೆ ಮಾಡಿದ್ದನು. ನೂರು ವರ್ಷಗಳ ತರುವಾಯ ಚಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದು ಒಳಹೊಕ್ಕನು. ಆದರೆ ನಗರವನ್ನು ಕೆಡಿಸಲಿಲ್ಲ; ಅಲ್ಲಿಯ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಹಿಂದಿರುಗಿಸಿದನು. ಹಾಗೆಂದು ಸಾರುವ ಕನ್ನಡ ಶಾಸನ ಆ ದೇವಾಲಯದ ಕಂಬದ ಮೇಲೆಯೇ ಇದೆ. ಈ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ. ಅದರ ಮಗ್ಗುಲಲ್ಲಿ ಮಲ್ಲಿಕಾರ್ಜುನವನ್ನು ಕಟ್ಟಿಸಿದವಳು ಆಕೆಯ ತಂಗಿ, ರಾಜನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ. ಅಕ್ಕತಂಗಿಯರು ಸವತಿಯರೂ ಆಗಿದ್ದು ಹೀಗೆ ಅಕ್ಕಪಕ್ಕ ಗುಡಿ ಕಟ್ಟಿಸಿದ ಮನೆಯ ಒಳಗಿನ ಸಮಾಚಾರವೇನಿತ್ತೋ, ಶಾಸನಗಳು ತುಟಿ ಬಿಚ್ಚುವುದಿಲ್ಲ.

ವಿರೂಪಾಕ್ಷದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಕಂಬಗಳ ಮೇಲೆ ರಾಮಾಯಣ ಮಹಾಭಾರತಗಳ ಕಥೆಗಳು ಪಟ್ಟಿ ಪಟ್ಟಿಯಾಗಿ ಓಡುತ್ತವೆ. ಆದರೆ ಮೊದಲ ಬಾರಿ ಬಂದವರು ಅವಶ್ಯ ಗಮನಿಸಬೇಕಾದುದು ಇನ್ನೊಂದಿದೆ. ಈ ಗುಡಿಯನ್ನು ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿ. ಅವನ ಹೆಸರು ದೇವಾಲಯದ ಗೋಡೆಯ ಮೇಲೆ, ಬಿರುದುಗಳ ಸಮೇತ ಕೆತ್ತಿದೆ. ಪಾಪನಾಥ ಗುಡಿಯಲ್ಲಿ ಕೆಲಸ ಮಾಡಿದ ರೇವಡಿ ಓವಜ್ಜ ಯಾರ ಶಿಷ್ಯನೆಂಬುದನ್ನೂ ಕಲ್ಲು ಹೇಳುತ್ತದೆ. ಇಲ್ಲಿಯ ಗಾಯಕರಿಗೆ ಹಿಂದಿನ ಅರಸನು ಕೊಟ್ಟಿದ್ದ ಮರ್ಯಾದೆಗಳನ್ನು ಲೋಕಮಹಾದೇವಿ ಮತ್ತೆ ಸ್ಥಿರಪಡಿಸಿದಳೆಂದು ಇನ್ನೊಂದು ಬರಹವಿದೆ. ಕೈಯಿಂದ ದುಡಿದವನ, ಕಂಠದಿಂದ ಹಾಡಿದವನ ಹೆಸರಿಗೂ ಹಕ್ಕಿಗೂ ಅರಮನೆಯ ಶಾಸನದಲ್ಲಿ ಸ್ಥಳವಿತ್ತು. ಹನ್ನೆರಡು ನೂರು ವರ್ಷಗಳ ಹಿಂದಿನ ಈ ಪದ್ಧತಿಯನ್ನು ಪ್ರವಾಸಿ ನೆನಪಿನಲ್ಲಿಟ್ಟುಕೊಂಡರೆ ಮರುದಿನಕ್ಕೆ ಉಪಯೋಗವಾದೀತು.

ಅಲ್ಲಿಂದ ಐಹೊಳೆ ಅರ್ಧ ಗಂಟೆಯ ಹಾದಿ. ನೂರಕ್ಕೂ ಹೆಚ್ಚು ಗುಡಿಗಳು ಊರಿನ ಒಳಗೂ ಹೊರಗೂ ಹರಡಿಕೊಂಡಿವೆ. ಹೆಸರುಗಳು ಮಾತ್ರ ಮೊದಲು ಬಂದವರನ್ನು ಮೋಸಗೊಳಿಸುತ್ತವೆ. ದುರ್ಗದ ಗುಡಿ ದುರ್ಗಾದೇವಿಯ ಗುಡಿಯಲ್ಲ. ಮುಂದೊಂದು ಕಾಲದಲ್ಲಿ ಕೋಟೆಯ, ಅಂದರೆ ದುರ್ಗದ, ಭಾಗವಾಗಿ ಬಳಕೆಯಾದುದರಿಂದ ಆ ಹೆಸರು. ಲಾಡಖಾನ ಗುಡಿಯ ಹೆಸರು ಅದರಲ್ಲಿ ಸಂಸಾರ ಹೂಡಿದ್ದ ಒಬ್ಬ ಗೃಹಸ್ಥನದು. ಕಟ್ಟಿಸಿದವನನ್ನು ಜನ ಮರೆತು ಒಕ್ಕಲಿದ್ದವನನ್ನು ನೆನಪಿಟ್ಟುಕೊಂಡರು! ದುರ್ಗದ ಗುಡಿಯ ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿದೆ. ಸುತ್ತಲಿನ ಕಂಬಸಾಲಿನ ನೆರಳಿನಲ್ಲಿ ಪ್ರದಕ್ಷಿಣೆ ಬರುತ್ತ ಒಂದೊಂದು ಮೂರ್ತಿಯ ಮುಂದೆಯೂ ನಿಲ್ಲಬೇಕು. ರಾವಣಫಡಿಯ ಗುಹೆಯನ್ನು ಬಿಡಬಾರದು. ಕೊನೆಗೆ, ಕಾಲಿನಲ್ಲಿ ಶಕ್ತಿ ಉಳಿದಿದ್ದರೆ, ಮೇಗುತಿ ಗುಡ್ಡ. ಅಲ್ಲಿಯ ಜಿನಾಲಯದ ಗೋಡೆಯ ಮೇಲೆ 634ರ ಶಾಸನವಿದೆ. ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದ ಸುದ್ದಿಯನ್ನು ಇಡೀ ದೇಶ ತಿಳಿದಿರುವುದು ಇದರ ಮೂಲಕ. ಬರೆದ ಕವಿ ರವಿಕೀರ್ತಿ ತನ್ನನ್ನು ಕಾಳಿದಾಸ ಭಾರವಿಗಳ ಸಾಲಿನಲ್ಲಿ ಕೂರಿಸಿಕೊಂಡಿದ್ದಾನೆ. ವಿನಯದ ಕೊರತೆಯೆಂದು ನಕ್ಕರೂ, ಕಾಳಿದಾಸನ ಕಾಲವನ್ನು ಗೊತ್ತುಮಾಡಲು ವಿದ್ವಾಂಸರಿಗೆ ಆಧಾರವಾದುದು ಅವನ ಈ ಜಂಬವೇ. ಗುಡಿಯ ಹಿಂದೆ ಬಂಡೆಯ ಮೇಲೆ ಕಾಣುವ ಚಪ್ಪಡಿಗಲ್ಲಿನ ಮನೆಯಂಥವು ಇತಿಹಾಸಕ್ಕಿಂತ ಹಿಂದಿನವರ ಸಮಾಧಿಗಳು.

ಇಲ್ಲಿಗೆ ಕೈಪಿಡಿಗಳ ಪ್ರವಾಸ ಮುಗಿಯುತ್ತದೆ, ಕಾರುಗಳು ಹಿಂದಿರುಗುತ್ತವೆ. ಮೂರನೆಯ ದಿನವನ್ನು ಉಳಿಸಿಕೊಂಡವರು ಪೂರ್ವಕ್ಕೆ ತಿರುಗಿ ಗುಡೂರಿನ ದಾರಿ ಹಿಡಿಯಬೇಕು.

ಗುಡೂರು, ಸೂಳೇಭಾವಿ, ಕಮತಗಿ, ಅಮೀನಗಡ, ಇಳಕಲ್ ಇವೆಲ್ಲ ನೇಕಾರರ ಊರುಗಳು. ಕುಪ್ಪಸದ ಖಣಕ್ಕೆ ಹೆಸರಾದ ಗುಳೇದಗುಡ್ಡವೂ ದೂರವಿಲ್ಲ. ‘ಇಳಕಲ್ ಸೀರೆ’ ಎಂಬ ಹೆಸರು ಪೇಟೆಯ ಊರಿನಿಂದ ಬಂದುದು. ನೇಯ್ಗೆ ಈ ಹಳ್ಳಿಗಳ ಮನೆಮನೆಗಳದು. ಬೀದಿಯಲ್ಲಿ ಲಾಳಿಯ ಸದ್ದನ್ನು ಕಿವಿಗೊಟ್ಟು ಹಿಂಬಾಲಿಸಿದರೆ ಮಗ್ಗದ ಮನೆ ಸಿಕ್ಕುತ್ತದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಕಾರನು ನೆಲದ ಮಟ್ಟಕ್ಕೆ ಕುಳಿತಿರುತ್ತಾನೆ, ಇದು ಕುಣಿಮಗ್ಗ. ಪಡಸಾಲೆಯಲ್ಲಿ ರಾಟೆಯ ಮುಂದೆ ಮನೆಯ ಹೆಂಗಸರು ಕಂಡಿಕೆ ಸುತ್ತುತ್ತಿರುತ್ತಾರೆ. ನೇಕಾರ ಒಬ್ಬನೆಂದು ಕಂಡರೂ ಸೀರೆಯೊಂದಕ್ಕೆ ದುಡಿಯುವುದು ಇಡೀ ಸಂಸಾರ.

ಈ ಸೀರೆಯ ವಿಶೇಷ ಅದರ ಸೆರಗಿನಲ್ಲಿದೆ, ಅದಕ್ಕಿಂತ ಹೆಚ್ಚಾಗಿ ಸೆರಗು ಒಡಲನ್ನು ಕೂಡುವ ಕಡೆಯಲ್ಲಿದೆ. ಸಾಮಾನ್ಯ ಸೀರೆಯಲ್ಲಿ ಹಾಸಿನ ಎಳೆಗಳು ಈ ತುದಿಯಿಂದ ಆ ತುದಿಯವರೆಗೆ ಒಂದೇ ಆಗಿರುತ್ತವೆ; ಆದುದರಿಂದ ಹಲವು ಸೀರೆಗಳ ಹಾಸನ್ನು ಒಟ್ಟಿಗೆ ಮಗ್ಗಕ್ಕೆ ಏರಿಸಬಹುದು. ಇಳಕಲ್ ಸೀರೆಯ ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಈ ಎರಡನ್ನೂ ಒಂದೊಂದೇ ಎಳೆಯಾಗಿ, ಒಂದರ ಕುಣಿಕೆಯೊಳಗೆ ಇನ್ನೊಂದನ್ನು ಸಿಕ್ಕಿಸಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಹಾಕುವುದೆಂದು ಹೆಸರು. ಎಳೆಗಳ ಸಂಖ್ಯೆ ಸಾವಿರಗಳಲ್ಲಿರುತ್ತದೆ. ಪ್ರತಿಯೊಂದು ಸೀರೆಗೂ ಈ ಕೆಲಸವನ್ನು ಮೊದಲಿನಿಂದ ಮಾಡಬೇಕು; ಆರು, ಎಂಟು ಅಥವಾ ಒಂಬತ್ತು ಗಜ, ಒಂದು ಸಲಕ್ಕೆ ಒಂದೇ ಸೀರೆ. ಕಲ್ಲುಕುಟಿಗರ ನಾಡಿನಲ್ಲಿ ಹುಟ್ಟಿದ ತಾಳ್ಮೆ ಇದು ಎನ್ನಬೇಕು.

ಸೆರಗಿನ ಕೆಂಪಿನ ನಡುವೆ ಬಿಳಿಯ ರೇಷ್ಮೆಯಲ್ಲಿ ಮೂಡುವ ಆಕೃತಿಗಳಾದರೂ ಎಂಥವು? ಹಣಿಗೆ, ಅಂದರೆ ಬಾಚಣಿಗೆ, ಕೋಟೆಗೋಡೆಯ ಸಾಲು, ಜೋಳದ ತೆನೆ, ಗುಡ್ಡಗಳ ಸರಣಿ. ಎರಡು ದಿನ ಈ ಸೀಮೆಯನ್ನು ಸುತ್ತಿ ಬಂದವರಿಗೆ ಇವುಗಳ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ. ಬಾದಾಮಿಯ ಕೋಟೆ, ಐಹೊಳೆಯ ಗುಡ್ಡ, ದಾರಿಯುದ್ದಕ್ಕೂ ಕಂಡ ಜೋಳದ ಹೊಲ, ಎಲ್ಲವೂ ಹೆಂಗಸರ ಹೆಗಲಿನ ಮೇಲೆ ಬಂದು ಕುಳಿತಿವೆ. ಇದರ ಮೇಲೆ ಕಸೂತಿಯ ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿಗಳನ್ನು ಎಳೆ ಎಣಿಸಿ ಹಾಕಿದರೆ ಸೀರೆಗೆ ಇಮ್ಮಡಿ ಶೋಭೆ. ಕಪ್ಪು ಒಡಲಿನ ಚಂದ್ರಕಾಳಿ ಸೀರೆ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅಜ್ಜಿಯ ಪೆಟ್ಟಿಗೆಯಿಂದ ಮೊಮ್ಮಗಳ ಪೆಟ್ಟಿಗೆಗೆ ಬಂದಿದೆ.

ಆದರೆ ಮಗ್ಗದ ಮನೆಯ ಸಮಾಚಾರ ಹರ್ಷದಾಯಕವಲ್ಲ. ವಿದ್ಯುತ್ ಮಗ್ಗಗಳು ಇದೇ ಬಣ್ಣ ಇದೇ ದಡಿಗಳ ಸೀರೆಗಳನ್ನು ಬಹಳ ಅಗ್ಗವಾಗಿ ಹೊರತರುತ್ತವೆ. ಸೀರೆಗಳ ಕೆಲವು ಬಗೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲಿ ಬಂತು. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆತಿದೆ. ಅಂಗಡಿಯ ಗಲ್ಲದ ಮುಂದೆ ಕುಳಿತ ಗಿರಾಕಿಗೆ ಇವೆರಡೂ ಕಾಣುವುದಿಲ್ಲ. ಕಾಣುವುದು ಬೆಲೆಯ ಚೀಟಿಯೊಂದೇ. ಕೈಮಗ್ಗದ ದುಡಿಮೆ ಸಂಸಾರಕ್ಕೆ ಸಾಲದೆ ಮಕ್ಕಳು ನಗರಗಳ ಕೂಲಿಗೆ ಹೊರಡುತ್ತಾರೆ. ಕೊಂಡಿ ಹಾಕುವ ಕೈಗಳು ಮುದಿಯಾಗುತ್ತಿವೆ. ಪಟ್ಟದಕಲ್ಲಿನ ಕಲ್ಲಿಗೆ ಬೇಲಿಯಿದೆ, ಕಾವಲುಗಾರನಿದ್ದಾನೆ, ವಿಶ್ವದ ಪಟ್ಟಿಯಲ್ಲಿ ಹೆಸರಿದೆ. ಗುಂಡ ಅನಿವಾರಿತಾಚಾರಿಯ ಹೆಸರನ್ನು ಗೋಡೆಯ ಮೇಲೆ ಓದಿ ಬಂದವರು ಈ ಸೀರೆಯ ಮಡಿಕೆಗಳನ್ನು ಬಿಚ್ಚಿ ನೋಡಲಿ. ನೇಯ್ದವನ ಹೆಸರು ಎಲ್ಲಿಯೂ ಸಿಕ್ಕುವುದಿಲ್ಲ. ಕೇಳಿ ತಿಳಿಯಬೇಕಾದರೆ ಮನೆಯ ಬಾಗಿಲಿಗೇ ಹೋಗಬೇಕು.

ಹಾಗೆ ಹೋದಾಗ ಕೆಲವು ರೀತಿನೀತಿಗಳನ್ನು ಪಾಲಿಸುವುದು ಒಳ್ಳೆಯದು. ಹೊಸ್ತಿಲಲ್ಲಿ ನಿಂತು ಕೇಳಿ ಒಳಗೆ ಕಾಲಿಡಬೇಕು. ಅದು ಪ್ರದರ್ಶನಶಾಲೆಯಲ್ಲ, ಒಬ್ಬರ ಮನೆ. ಬಿಗಿದ ಹಾಸಿನ ಮೇಲೆ ಮಕ್ಕಳು ಕೈಯಾಡಿಸದಂತೆ ನೋಡಿಕೊಳ್ಳಬೇಕು. ಒಂದು ಎಳೆ ತುಂಡಾದರೆ ಕೆಲಸ ನಿಲ್ಲುತ್ತದೆ. ಚಿತ್ರ ತೆಗೆಯುವ ಮೊದಲು ಅನುಮತಿ ಬೇಡಬೇಕು. ಕೊಳ್ಳುವ ಮನಸ್ಸಿದ್ದರೆ ಸೀರೆಯನ್ನು ಮಗುಚಿ, ಒಡಲು ಸೆರಗು ಕೂಡುವಲ್ಲಿ ಬೆರಳು ಆಡಿಸಿ ನೋಡಬೇಕು. ಕೊಂಡಿಯ ಸಾಲು ಕೈಗೆ ಹತ್ತುತ್ತದೆ. ಅಂಗಡಿಯಲ್ಲಿ ಕೊಳ್ಳುವುದಾದರೆ 2006ರಿಂದ ಬಂದಿರುವ ಹ್ಯಾಂಡ್‌ಲೂಮ್ ಮಾರ್ಕ್ ಮುದ್ರೆಯನ್ನು ಕೇಳಬೇಕು. ಇನ್ನು ಚೌಕಾಸಿ. ಹೋಟೆಲಿನ ಬಿಲ್ಲನ್ನು ಕಣ್ಣೆತ್ತಿ ನೋಡದೆ ತೆರುವ ಯಜಮಾನರು ಮಗ್ಗದ ಮನೆಯ ಬಾಗಿಲಲ್ಲಿ ನೂರು ರೂಪಾಯಿಗಾಗಿ ಅರ್ಧ ಗಂಟೆ ವಾದಿಸುವುದುಂಟು. ಆ ಸಂದರ್ಭದಲ್ಲಿ ಮನೆಯಾಕೆ ಮಾತುಕತೆಯನ್ನು ತನ್ನ ಕೈಗೆ ತೆಗೆದುಕ�ೊಂಡರೆ ಎಲ್ಲರಿಗೂ ಕ್ಷೇಮ. ಕೊಂಡ ಮೇಲೆ ನೇಯ್ದವರ ಹೆಸರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಸೀರೆಯ ಮಡಿಕೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಯಾವ ಖರ್ಚೂ ಇಲ್ಲ.

ಮಧ್ಯಾಹ್ನದ ಮೇಲೆ ಅಮೀನಗಡ. ಇಲ್ಲಿಯ ಕರದಂಟು ಪ್ರಸಿದ್ಧ. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಬಾದಾಮಿಗಳನ್ನು ಕೂಡಿಸಿ ಮಾಡಿದ ಈ ತಿನಿಸು ಬಾಣಂತಿಯರಿಗೆ ಪುಷ್ಟಿಯೆಂದು ಹೇಳಿ ತಂದರೂ, ಮನೆಯಲ್ಲಿ ಅದನ್ನು ಮುಗಿಸುವವರು ಬೇರೆಯವರೇ.

ಅಲ್ಲಿಂದ ಕೂಡಲಸಂಗಮ. ಮಲಪ್ರಭೆ ಕೃಷ್ಣೆಯನ್ನು ಸೇರುವ ಈ ಸ್ಥಳದಲ್ಲಿ ಬಸವಣ್ಣನವರು ವಿದ್ಯೆ ಕಲಿತರು. ಇಲ್ಲಿಯ ದೇವರ ಹೆಸರೇ ಅವರ ವಚನಗಳ ಅಂಕಿತವಾಯಿತು. 12ನೆಯ ಶತಮಾನದಲ್ಲಿ ಅವರು ಐಕ್ಯರಾದುದೂ ಇಲ್ಲಿಯೇ. ನಾರಾಯಣಪುರದ ಬಳಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ಸಂಗಮದವರೆಗೂ ಏರಿತು. ಐಕ್ಯಸ್ಥಳ ಮುಳುಗದಂತೆ ಅದರ ಸುತ್ತ ದೊಡ್ಡ ಬಾವಿಯಂತೆ ಎತ್ತರದ ಗೋಡೆ ಕಟ್ಟಿದರು. ಹೀಗೆ ಕಡಲಿಲ್ಲದ ಈ ನಾಡಿನಲ್ಲಿಯೂ ಒಂದು ದ್ವೀಪ ಹುಟ್ಟಿದಂತಾಯಿತು. ಸೇತುವೆಯ ಮೇಲೆ ನಡೆದು ಹೋಗಿ, ಒಳಗೆ ಮೆಟ್ಟಿಲುಗಳನ್ನು ಇಳಿಯಬೇಕು. ಹೊಳೆ ತುಂಬಿರುವ ದಿನಗಳಲ್ಲಿ ಹೊರಗಿನ ನೀರಿನ ಮಟ್ಟ ತಲೆಯಿಂದ ಬಹಳ ಮೇಲಿರುತ್ತದೆ. ಕೆಳಗೆ ಐಕ್ಯಲಿಂಗದ ಮುಂದೆ ನಿಂತಾಗ ಒಬ್ಬರೂ ಗಟ್ಟಿಯಾಗಿ ಮಾತನಾಡುವುದಿಲ್ಲ. ದಂಡೆಯ ಮೇಲಿನ ಸಂಗಮನಾಥ ದೇವಾಲಯವನ್ನು ಅನಂತರ ನೋಡಬಹುದು. ನೀರಿಗಿಳಿಯುವ ಆಸೆಯಾದರೆ ಸ್ಥಳದವರನ್ನು ಕೇಳಿ, ಅವರು ತೋರಿಸಿದ ಕಡೆ ಮಾತ್ರ ಇಳಿಯಬೇಕು. ಎರಡು ಹೊಳೆ ಕೂಡುವಲ್ಲಿ ಆಳವನ್ನು ಕಣ್ಣಳತೆಯಿಂದ ಹೇಳಲಾಗುವುದಿಲ್ಲ.

ಹೊತ್ತು ಮುಳುಗುವ ಮುನ್ನ ಹೊರಟರೆ ಹುನಗುಂದದಲ್ಲಿ ಹೆದ್ದಾರಿ ಸಿಕ್ಕುತ್ತದೆ. ಅಲ್ಲಿಂದ ಉತ್ತರಕ್ಕೆ ವಿಜಯಪುರ, ದಕ್ಷಿಣಕ್ಕೆ ಇಳಕಲ್, ಹೊಸಪೇಟೆ, ಚಿತ್ರದುರ್ಗಗಳ ಕಡೆಗೆ ಬಸ್ಸುಗಳಿವೆ. ಸೀರೆ ಕೊಂಡ ಗೃಹಿಣಿಯರಿಗೆ ಒಂದು ಸೂಚನೆ: ಮೊದಲ ಒಗೆತವನ್ನು ಬೇರೆ ಬಟ್ಟೆಗಳ ಜೊತೆ ಸೇರಿಸದೆ, ತಣ್ಣೀರಿನಲ್ಲಿ ಮಾಡಬೇಕು, ಸೆರಗಿನ ಕೆಂಪು ಮೊದಲೊಂದೆರಡು ಸಲ ಸ್ವಲ್ಪ ಬಣ್ಣ ಬಿಡುವುದುಂಟು. ಹಿಂಡದೆ, ನೆರಳಿನಲ್ಲಿ ಒಣಗಿಸಬೇಕು.